ನೀರು ಬಿದ್ದ ಹಿಟ್ಟು

ಗೋಕಾಕದ ಬಸ್ ನಿಲ್ದಾಣದ ಎದುರಿನ ಒಂದು ಮಾಳಿಗೆಯಲ್ಲಿ ಶಿವಪುತ್ರನ ಕಚೇರಿ. ಕೊಲ್ಲಿ ದೇಶಗಳಿಗೆ ಹೋಗುವವರ ಕಾಗದಪತ್ರ ಮಾಡಿಸಿಕೊಡುವುದು ಅವನ ಉದ್ಯೋಗ. ಆ ಮಧ್ಯಾಹ್ನ ಅವನು ಕಂಪ್ಯೂಟರಿನ ಪರದೆಯನ್ನು ಆಮ್ರಪಾಲಿಯ ಕಡೆಗೆ ತಿರುಗಿಸಿ ನಕ್ಕ.

"ನೋಡ ತಂಗಿ, ನಿಮ್ಮ ಶಾರ್ಜಾದವ್ರು ದೇವರನ್ನೂ ಬಿಡಲಿಲ್ಲ. ಮೂರೂ ಹೆಸರು ವಾಪಸ್ ಬಂದಾವ."

"ಯಾವ ಮೂರು ಹೆಸರ್ರಿ ಅಣ್ಣಾರ? ನಾ ಕೊಟ್ಟಿದ್ದು ಒಂದ ಹೆಸರು."

ಅವಳು ಬಾಗಿ ಓದಿದಳು. ಶ್ರೀ ಲಕ್ಷ್ಮೀ ರೊಟ್ಟಿ ಕೇಂದ್ರ. ಶಿವಪ್ರಸಾದ ಫುಡ್ಸ್. ಓಂ ಖಾನಾವಳಿ. ಮೂರರ ಮುಂದೆಯೂ ಒಂದೇ ಕಾರಣ ಬರೆದಿತ್ತು: ಅಂಗಡಿಯ ಹೆಸರಿನಲ್ಲಿ ದೇವರು, ಧರ್ಮ ಬರುವಂತಿಲ್ಲ. ಅವಳು ಬರೆದುಕೊಟ್ಟಿದ್ದ 'ಆಮ್ರಪಾಲಿ ರೊಟ್ಟಿ' ಎಂಬ ಹೆಸರು ಅಲ್ಲಿ ಎಲ್ಲಿಯೂ ಇರಲಿಲ್ಲ.

ಶಿವಪುತ್ರನ ತಪ್ಪು ಎಂಥದ್ದೆಂದು ಗೋಕಾಕದ ಪೇಟೆಯಲ್ಲಿ ಒಮ್ಮೆ ಅಡ್ಡಾಡಿದವರಿಗೆ ತಿಳಿಯುತ್ತದೆ. ಕಿರಾಣಿ ಅಂಗಡಿಯಿಂದ ಪಂಕ್ಚರ್ ತೆಗೆಯುವ ಗೂಡಿನವರೆಗೆ ಇಲ್ಲಿ ಎಲ್ಲಕ್ಕೂ ದೇವರ ಹೆಸರು. ದೇವರ ಹೆಸರನ್ನು ಯಾರಾದರೂ ಬೇಡ ಅಂದಾರು ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಅವನು ಈವರೆಗೆ ಮಾಡಿಸಿದ್ದೆಲ್ಲ ಕೂಲಿಯ ವೀಸಾ. ಪರದೇಶದಲ್ಲಿ ಅಂಗಡಿ ನೋಂದಾಯಿಸುವ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು.

ಆದರೆ ಆಮ್ರಪಾಲಿಗೆ ಬೇಕಾಗಿದ್ದ ಉತ್ತರ ಬೇರೆ.

"ನನ್ನ ಹೆಸರು ಯಾಕ ಹಾಕಲಿಲ್ರಿ?"

"ನೀ ಶಾಣ್ಯಾಕಿ ಅದೀ. ಎಲ್ಲಾ ಬಾಯಿ ಬಿಟ್ಟ ಹೇಳಬೇಕೇನು?"

"ಹೇಳ್ರಿ. ಬಾಯಿ ಬಿಟ್ಟ ಹೇಳ್ರಿ."

ಶಿವಪುತ್ರ ಕೆಟ್ಟ ಮನುಷ್ಯನಲ್ಲ. ಕನಿಷ್ಠ ತಾನು ಕೆಟ್ಟವನೆಂದು ಅವನಿಗೆ ಎಂದೂ ಅನ್ನಿಸಿಲ್ಲ. ಚಹಾ ತರಿಸಿದ್ದ. ಫ್ಯಾನ್ ಅವಳ ಕಡೆಗೆ ತಿರುಗಿಸಿದ್ದ. ಈಗ ದನಿ ಇಳಿಸಿದ. "ಅಲ್ಲಿ ರೊಟ್ಟಿ ತಿನ್ನವ್ರು ಯಾರು? ನಮ್ಮ ಕಡೆ ಮಂದೀನ. ಗೋಕಾಕ, ಅಥಣಿ, ರಾಯಬಾಗ. ಹೆಸರ ನೋಡಿದ ಕೂಡ್ಲೆ ಯಾರ ಮನೀ ರೊಟ್ಟಿ ಅಂತ ಕೇಳ್ತಾರ. ನಾ ಕೇಳೂದಿಲ್ಲವ್ವಾ, ಮಂದಿ ಕೇಳ್ತಾರ. ನಿನ್ನ ಚಲೋದಕ್ಕ ಹೇಳಾಕತ್ತೇನಿ."

ಅವಳು ಚಹಾ ಕುಡಿಯಲಿಲ್ಲ.

ಯಾರ ಮನೆಯ ರೊಟ್ಟಿ ಎಂಬ ಪ್ರಶ್ನೆ ಅವಳಿಗೆ ಹೊಸದಲ್ಲ. ಅವಳು ಹುಟ್ಟಿದ್ದು ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ. ಅಪ್ಪ ಕರೆಪ್ಪ ಬೌದ್ಧ ಧರ್ಮ ಸ್ವೀಕರಿಸಿದ ಮರುವರ್ಷ ಹುಟ್ಟಿದ ಮಗಳಿಗೆ, ಬುದ್ಧನನ್ನು ಊಟಕ್ಕೆ ಕರೆದು ಬಡಿಸಿದವಳ ಹೆಸರಿಟ್ಟ. ಅವ್ವ ರಾಯವ್ವ ಊರಿನ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಸುಗ್ಗಿ ಮುಗಿದ ಮೇಲೆ ಅದೇ ಊರಿನ ಭರಮವ್ವನ ಮನೆಯ ಜೋಳ ಹಸನ ಮಾಡಿ ಕೊಡುತ್ತಿದ್ದಳು. ಭರಮವ್ವ ಎಂದರೆ ಈ ಶಿವಪುತ್ರನ ತಾಯಿ. ಹಿತ್ತಲಲ್ಲಿ ಕುಳಿತು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಕಾಳು ಚೀಲಕ್ಕೆ ತುಂಬುವವರೆಗೂ ರಾಯವ್ವನ ಕೈ ನಡೆಯುತ್ತಿತ್ತು. ಗಿರಣಿಗೆ ಹೊತ್ತೊಯ್ದು ಹಿಟ್ಟು ಮಾಡಿಸಿ ತರುವವರೆಗೂ ನಡೆಯುತ್ತಿತ್ತು. ಹಿಟ್ಟಿಗೆ ನೀರು ಬಿದ್ದ ಗಳಿಗೆಯಿಂದ ಅವಳು ಮುಟ್ಟಿದ್ದು ನಡೆಯುತ್ತಿರಲಿಲ್ಲ. ಒಣಗಿದ್ದು ಎಲ್ಲರದು, ಹಸಿಯಾದದ್ದು ಅವರದು. ಈ ಕಟ್ಟಳೆಯನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಆದರೂ ಊರಿನ ಸಣ್ಣ ಮಕ್ಕಳಿಗೂ ಅದು ಗೊತ್ತಿತ್ತು.

ಆಮ್ರಪಾಲಿ ರಸಾಯನಶಾಸ್ತ್ರ ಓದಿದಳು. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿಗೆ ಪಿಷ್ಟದ ಕಣ ನೀರು ಕುಡಿದು ಉಬ್ಬಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹಿಟ್ಟಿಗೆ ನೀರು ಬಿದ್ದಾಗ ಆಗುವುದು ಇಷ್ಟೇ. ಇದನ್ನು ಕಾಲೇಜಿನಲ್ಲಿ ತಿಳಿದ ದಿನ ಅವಳಿಗೆ ಸಂತೋಷದ ಬದಲು ಸಿಟ್ಟು ಬಂದಿತ್ತು.

ಅದೇ ಕಾಲೇಜಿನ ದಿನಗಳಲ್ಲಿ ಗೋಕಾಕದಲ್ಲಿ ಬಾಡಿಗೆಗೆ ಖೋಲಿ ಹುಡುಕುವಾಗ ಅವಳು ಇನ್ನೊಂದನ್ನೂ ಕಲಿತಳು. ಮನೆತನದ ಹೆಸರು ಸೇರಿಸಿ ಪೂರ್ತಿ ಹೆಸರು ಹೇಳಿದ ಮನೆಗಳಲ್ಲಿ ಖೋಲಿ ನಿನ್ನೆಯೇ ತುಂಬಿರುತ್ತಿತ್ತು. 'ಆಮ್ರಪಾಲಿ ಕೆ.' ಎಂದು ಹೇಳಿದ ಮನೆಯಲ್ಲಿ ಕೀಲಿ ಸಿಕ್ಕಿತು. ಅಂದಿನಿಂದ ಅವಳು ಕೆ. ಅಕ್ಷರಕ್ಕೆ ನಿಂತುಬಿಟ್ಟಿದ್ದಳು. ಮುಂದೆ ಹುಕ್ಕೇರಿ ಕಡೆಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗಲೂ ಬಾಗಿಲಿನ ಪಟ್ಟಿಯ ಮೇಲೆ ಅಷ್ಟೇ ಇತ್ತು. ಕಣಗಲಾ ಊರಿನ ಲಖನನ ಜೊತೆ ಮದುವೆಯಾಗಿ ಶಾರ್ಜಾಕ್ಕೆ ಹೋದಳು. ಲಖನ ಅಲ್ಲಿ ಕೆಲಸಗಾರರ ಬಸ್ ಓಡಿಸುತ್ತಾನೆ. ಅವಳಿಗೆ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ನೌಕರಿ ಸಿಕ್ಕಿತು.

ರಜೆಯ ದಿನ ಲಖನನ ಬಸ್ಸಿನಲ್ಲಿ ಓಡಾಡುವ ಊರ ಕಡೆಯ ಹುಡುಗರು ಅವರ ಮನೆಗೆ ಊಟಕ್ಕೆ ಬರುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಪಲ್ಯ. ಬಿಸಿಲಿನಲ್ಲಿ ಕಟ್ಟಡ ಕಟ್ಟುವ ಆ ಹುಡುಗರು ರೊಟ್ಟಿ ಮುರಿಯುವ ಸದ್ದಿಗೇ ಅರ್ಧ ಹೊಟ್ಟೆ ತುಂಬಿದಂತೆ ಕೂರುತ್ತಿದ್ದರು. "ವೈನಿ, ಇದನ್ನ ಅಂಗಡಿ ಮಾಡ್ರಿ, ಇಲ್ಲೆ ಸಾಲಾಗಿ ನಿಂತ ತಗೋತೇವಿ" ಎಂದವರು ಅವರೇ. ಒಬ್ಬ ಮಾತ್ರ ಒಂದು ದಿನ ಕೈ ತೊಳೆಯುತ್ತ, "ನಿಮ್ಮ ಮನಿತನದ ಹೆಸರೇನ್ರಿ?" ಎಂದು ಕೇಳಿದ. ಲಖನ ಹೇಳಿದ. ಆ ಹುಡುಗ ಮತ್ತೆ ಊಟಕ್ಕೆ ಬರಲಿಲ್ಲ. ಉಳಿದವರೆಲ್ಲ ಬಂದರು. ಆದರೆ ಮನೆಗೆ ಬಂದವರಿಗಿಂತ ಬಾರದಿದ್ದವನೇ ಆಮ್ರಪಾಲಿಯ ತಲೆಯಲ್ಲಿ ಉಳಿದ.

ಅದಕ್ಕೇ ಹೆಸರು ಮುಖ್ಯವಾಯಿತು. ಅಡುಗೆಮನೆಗೆ ಜಾಗ ನೋಡಿಟ್ಟಿದ್ದರು. ಆ ದೇಶದಲ್ಲಿ ಮೊದಲು ಅಂಗಡಿಯ ಹೆಸರಿಗೆ ಒಪ್ಪಿಗೆ ಸಿಗಬೇಕು; ಬಾಡಿಗೆ ಕರಾರು, ಅಡುಗೆಮನೆಯ ತಪಾಸಣೆ, ಪರವಾನಗಿ ಎಲ್ಲ ಆಮೇಲೆ. ಪದವಿ ಪ್ರಮಾಣಪತ್ರಕ್ಕೆ ಮೊಹರು ಹಾಕಿಸಲು, ರೊಟ್ಟಿಗೆ ಚಲೋ ಬಿಳಿಜೋಳ ನೋಡಲು ಅವಳು ರಜೆ ಹಾಕಿ ಬಂದಿದ್ದಳು. ಮೊಹರಿನ ಜೊತೆ ಹೆಸರಿನ ಅರ್ಜಿಯನ್ನೂ ಶಿವಪುತ್ರನಿಗೇ ಒಪ್ಪಿಸಿದ್ದಳು. ಊರಿನವನು, ನಂಬಿಕೆಯವನು ಎಂದು.

"ಈಗೇನ ಮಾಡೋದು?" ಎಂದಳು.

"ದೇವರು ಬ್ಯಾಡಂದ್ರ ಮನಷ್ಯಾರ ಹೆಸರು ಇಡೂಣು" ಎಂದ ಶಿವಪುತ್ರ, ಉತ್ಸಾಹದಿಂದ ಮುಂದೆ ಸರಿದು. "ಭರಮವ್ವ ರೊಟ್ಟಿ. ಹೆಂಗೈತಿ? ನಮ್ಮವ್ವನ ಹೆಸರು ಅಂದ್ರ ಈ ಭಾಗದಾಗ ಯಾರೂ ಮೂಗ ಮುರಿಯೂದಿಲ್ಲ. ಆದ್ರ ಅಲ್ಲಿ ಇನ್ನೊಂದ ಕಾನೂನೈತಿ. ಮನಷ್ಯಾರ ಹೆಸರ ಇಟ್ರ ಅವ್ರು ಮಾಲೀಕರ ಇರಬೇಕಂತ. ಅವ್ವನ ಪಾಸ್‌ಪೋರ್ಟ್ ಐತಿ. ಆಕಿನ್ನ ಒಬ್ಬ ಪಾಲುದಾರಳ ಮಾಡಿಬಿಡು. ಹೆಸರಿಗಷ್ಟ. ನಮಗ ನಿನ್ನ ಲಾಭದಾಗ ಏನೂ ಬ್ಯಾಡ. ರೊಟ್ಟಿ ನೀನ ಬಡಿ, ಅಂಗಡಿ ನೀನ ನಡಸು. ರೊಕ್ಕಾ ತಗೊಳ್ಳೂ ಗಲ್ಲಾದ ಮ್ಯಾಲೆ ಮಾತ್ರ ನಮ್ಮ ಮಂದ್ಯಾಗಿನ ಹುಡುಗ ಒಬ್ಬನ್ನ ಕೂಡ್ರಿಸಿದ್ರ ಆತು."

ಆಮ್ರಪಾಲಿ ಚಹಾದ ಲೋಟ ಆಚೆ ಸರಿಸಿದಳು. ಮೋಸ ಮಾಡುವವನಾಗಿದ್ದರೆ ಬಯ್ದು ಎದ್ದು ಬರಬಹುದಿತ್ತು. ಇವನು ಉಪಕಾರ ಮಾಡುತ್ತಿದ್ದೇನೆ ಎಂದೇ ಹೇಳುತ್ತಿದ್ದ.

"ಅಣ್ಣಾರ, ನನ್ನ ಕೈಯಾಗಿನ ರೊಟ್ಟಿಗೆ ನಿಮ್ಮವ್ವನ ಹೆಸರು. ನಿಮ್ಮವ್ವ ಅದನ್ನ ತಿಂತಾಳೇನ್ರಿ?"

ಶಿವಪುತ್ರ ಗಲ್ಲ ಕೆರೆದುಕೊಂಡ. "ಅಕೀ ಹಳೇ ಮಂದಿ..."

"ನೀವು?"

ಅವನು ಕಿಟಕಿಯ ಆಚೆ ನೋಡಿದ. ಕೆಳಗೆ ಆಟೋದವರು ಮೂಡಲಗಿ, ಮೂಡಲಗಿ ಎಂದು ಕೂಗುತ್ತಿದ್ದರು.

"ನನ್ನ ಸರ್ಟಿಫಿಕೇಟ್ ಕೊಡ್ರಿ" ಎಂದಳು ಆಮ್ರಪಾಲಿ.

"ಸಿಟ್ಟಿಗೇಳಬ್ಯಾಡವ್ವಾ, ವ್ಯವಹಾರದಾಗ ಸಿಟ್ಟ ನಡಿಯೂದಿಲ್ಲ."

"ಕೊಡ್ರಿ."

ಕಲ್ಲೋಳಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ರಾಯವ್ವ ಬಾಗಿಲ ಮುಂದೆ ಕಾಲು ಚಾಚಿ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಚೀಲ. ಮಗಳು ಅದನ್ನು ನೋಡಿದಳು. ತಮ್ಮ ಮನೆಯ ಚೀಲವಲ್ಲ.

"ಯಾರ ಜ್ವಾಳ ಬೇ ಇದು?"

"ಭರಮವ್ವಂದು. ನನ್ನ ಮೊಣಕಾಲ ನೋವು ನೋಡಿ, ಹಿತ್ತಲಕ ಬಂದ ಕೂಡ್ರೂದು ಬ್ಯಾಡ, ಮನ್ಯಾಗ ಮಾಡಿಡು ಅಂದ್ಲು. ನಾಳೆ ಒಯ್ತಾರ."

ಆಮ್ರಪಾಲಿ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಗೋಕಾಕದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ರಾಯವ್ವನ ಕೈ ನಿಲ್ಲಲಿಲ್ಲ. ಕಾಳು ಹಾರಿ ಮೊರಕ್ಕೆ ಬೀಳುತ್ತಿತ್ತು, ಹೊಟ್ಟು ಅಂಗಳಕ್ಕೆ ಹೋಗುತ್ತಿತ್ತು.

"ಇರ್ಲಿ ಬಿಡ" ಎಂದಳು ಕೊನೆಗೆ. "ಅವ್ರ ಹೆಸರ ಇದ್ರ ಅಂಗಡಿ ನಡೀತೈತಿ ಅಂದ್ರ ಇಡು. ಹೆಸರ ತಗೊಂಡ ಏನ ಮಾಡ್ತಿ? ನೀ ಸುಖದಾಗಿದ್ರ ಸಾಕು."

"ಅವ್ವಾ! ನೀನೂ ಹಿಂಗ ಅಂತೀಯಲ್ಲ!" ಆಮ್ರಪಾಲಿಯ ದನಿ ಏರಿತು. ಬಾಜೂ ಮನೆಯಾಕೆ ಇಣುಕಿ ನೋಡಿ ಒಳಗೆ ಹೋದಳು. "ಅಲ್ಲೆ ಸಮುದ್ರ ದಾಟಿ ಹೋಗೇನಿ. ಅಲ್ಲಿ ಸರ್ಕಾರದವ್ರು ನನ್ನ ಅಡಗಿಮನಿ ಸ್ವಚ್ಛ ಐತೋ ಇಲ್ಲೋ ನೋಡ್ತಾರ, ನೀರು ಪರೀಕ್ಷೆ ಮಾಡ್ತಾರ. ನಾ ಯಾರ ಮಗಳು ಅಂತ ಕೇಳಿಲ್ಲ. ಅದನ್ನ ಕೇಳಾಕ ಗೋಕಾಕದಾಗಿಂದ ಒಬ್ಬಾಂವ ಬೇಕಾತು. ಇಷ್ಟ ವರ್ಷ ನಿನ್ನ ಕೈಯಾಗ ಕಲ್ಲ ಆರಿಸಿಕೊಂಡ್ರು. ಈಗ ಕೈ ನಿಮ್ದಿರ್ಲಿ, ಹೆಸರ ನಮ್ದಿರ್ಲಿ ಅಂತಾರ. ಯಾಕ ಕೊಡಬೇಕು? ಹೇಳ, ಯಾಕ ಕೊಡಬೇಕು?"

ರಾಯವ್ವ ಇನ್ನೊಂದು ಹಿಡಿ ಜೋಳ ಮೊರಕ್ಕೆ ಸುರಿದಳು.

ಆಮ್ರಪಾಲಿ ಫೋನ್ ತೆಗೆದಳು. ಅಲ್ಲಿನ ನಿವಾಸಿ ಎಂದು ಅವಳ ಹೆಸರಿನಲ್ಲಿ ಸರ್ಕಾರಿ ಖಾತೆ ಇತ್ತು. ಏಜೆಂಟ್ ಬೇಕೆಂದೇನೂ ಇರಲಿಲ್ಲ. ಅಭ್ಯಾಸಬಲದಿಂದ ಹುಡುಕಿಕೊಂಡು ಹೋಗಿದ್ದಳು ಅಷ್ಟೆ. ಈ ಸಲ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ, ಲ್ಯಾಬಿನಲ್ಲಿ ವಿಧಾನ ಓದುವ ಹಾಗೆ, ನಿಧಾನವಾಗಿ ಓದಿದಳು. ವ್ಯಕ್ತಿಯ ಹೆಸರಿಡುವುದಾದರೆ ಅವರು ಮಾಲೀಕರಾಗಿರಬೇಕು ಎಂಬಲ್ಲಿಗೆ ಶಿವಪುತ್ರ ಓದಿ ನಿಲ್ಲಿಸಿದ್ದ. ಅದರ ಮುಂದಿನ ಸಾಲು ಇನ್ನೂ ಇತ್ತು. ಹೆಸರು ಪೂರ್ತಿ ಇರಬೇಕು. ಮೊಟಕು ಮಾಡುವಂತಿಲ್ಲ, ಮೊದಲ ಅಕ್ಷರಗಳನ್ನಷ್ಟೇ ಹಾಕುವಂತಿಲ್ಲ. ಹಾಗೆ ನೋಡಿದರೆ ಅವಳು ಮೊದಲು ಬರೆದುಕೊಟ್ಟ 'ಆಮ್ರಪಾಲಿ ರೊಟ್ಟಿ'ಯೂ ತಿರಸ್ಕಾರ ಆಗುತ್ತಿತ್ತು.

'ಆಮ್ರಪಾಲಿ ಕರೆಪ್ಪ' ಎಂದು ಟೈಪ್ ಮಾಡಿದ ಮೇಲೆ ಅವಳ ಬೆರಳು ನಿಂತಿತು. ಗೋಕಾಕದ ಖೋಲಿಗಳು ನೆನಪಾದವು. ಕೈ ತೊಳೆಯುತ್ತ ಕೇಳಿದ ಆ ಹುಡುಗ ನೆನಪಾದ. ಸಿಟ್ಟು ಶಿವಪುತ್ರನೊಬ್ಬನ ಮೇಲಲ್ಲ, ಇಷ್ಟು ವರ್ಷ ಒಂದು ಅಕ್ಷರಕ್ಕೆ ನಿಂತ ತನ್ನ ಮೇಲೂ ಬಂತು.

ಮೊರದ ಸದ್ದು ನಿಂತಿತ್ತು. ಓದು ಬಾರದ ರಾಯವ್ವ ಫೋನಿನ ಬೆಳಕನ್ನೇ ನೋಡುತ್ತಿದ್ದಳು.

"ನಿಮ್ಮಪ್ಪನ ಹೆಸರೂ ಬರತೈತೇನು?"

"ಬರಲೇಬೇಕಂತ. ಮನಿತನದ ಹೆಸರೂ ಬರಬೇಕಂತ."

"ಬೋರ್ಡಿನ ಮ್ಯಾಲೆ?"

"ಬೋರ್ಡಿನ ಮ್ಯಾಲೆ. ಅರಬ್ಬೀ ಅಕ್ಷರದಾಗೂ."

ರಾಯವ್ವ ಸೆರಗಿನಿಂದ ಮುಖದ ಮೇಲಿನ ಹೊಟ್ಟಿನ ಧೂಳು ಒರೆಸಿಕೊಂಡಳು. "ಹಂಗಾದ್ರ ಹಾಕು" ಎಂದಳು. ಆಮ್ರಪಾಲಿ ಮುಂದೆ 'ಕಾಂಬಳೆ' ಎಂದೂ ಸೇರಿಸಿ ಕಳಿಸಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಫೋನಿಗೆ ಒಪ್ಪಿಗೆ ಬಂತು. ಯಾರೂ ಏನೂ ಕೇಳಿರಲಿಲ್ಲ. ಆಮ್ರಪಾಲಿ ಕರೆಪ್ಪ ಕಾಂಬಳೆ ರೊಟ್ಟಿ ಅಂಗಡಿ. ಅವಳು ಅದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿರುವಾಗಲೇ ಅಂಗಳದಲ್ಲಿ ಮೋಟರ್ ಸೈಕಲ್ ನಿಂತಿತು. ಜೋಳದ ಚೀಲ ಒಯ್ಯಲು ಶಿವಪುತ್ರ ತಾನೇ ಬಂದಿದ್ದ. ನಿನ್ನೆಯ ಮಾತಿಗೆ ಸಮಾಧಾನ ಹೇಳುವ ವಿಚಾರವೂ ಇತ್ತೇನೋ. ಇಳಿಯದೆ, ಕಾಲೂರಿ, "ಏನ ರಾಯವ್ವ, ಹಸನ ಆತೇನು?" ಎಂದ.

"ಅರ್ಧಾ ಆಗೇತ್ರಿ."

"ಅರ್ಧಾ? ಮತ್ತ ಅವ್ವಗ ಏನ ಹೇಳ್ಲಿ?"

ರಾಯವ್ವ ಗೋಡೆ ಹಿಡಿದು ಎದ್ದು ನಿಂತಳು. ಅವಳು ಆ ಮನೆಯವರ ಮುಂದೆ ನಿಂತು ಮಾತಾಡಿದ್ದನ್ನು ಆಮ್ರಪಾಲಿ ಕಂಡಿರಲಿಲ್ಲ. ಯಾವಾಗಲೂ ಕುಳಿತೇ, ತಲೆ ತಗ್ಗಿಸಿಯೇ.

"ಹಿಂಗ ಹೇಳ್ರಿ. ರಾಯವ್ವ ಪೂರ್ತಿ ಹಸನ ಮಾಡ್ತಾಳಂತ. ಹಿಟ್ಟ ಮಾಡಿಸ್ತಾಳಂತ. ಎಸರ ಹಾಕಿ ನಾದಿ, ರೊಟ್ಟಿ ಬಡದ ಕಳಿಸ್ತಾಳಂತ. ತಿಂತಿದ್ರ ಚೀಲಾ ಇಲ್ಲೇ ಇರ್ಲಿ. ಇಲ್ಲಾಂದ್ರ ಒಯ್ರಿ."

ಶಿವಪುತ್ರ ನಗಲು ನೋಡಿದ. "ಏನ ರಾಯವ್ವ, ಮಗಳ ಕಲಿಸ್ಯಾಳೇನು?"

"ಅಕಿ ಕಲಿಸಿದ್ದು ಅಲ್ರಿ. ನೀವು ಯಾಕ ತಿನ್ನೂದಿಲ್ಲ ಅಂತ ನನಗ ಮೊದಲಿಂದ ಗೊತ್ತಿತ್ರಿ."

ಅವನು ಸ್ಟ್ಯಾಂಡ್ ಹಾಕಿದ. ಆಮೇಲೆ ಇಳಿದು, ಯಾರನ್ನೂ ನೋಡದೆ, ಚೀಲದ ಬಾಯಿ ಕಟ್ಟಿದ. ಕೇರಿದ ಕಾಳು, ಕೇರದ ಕಾಳು, ಕಲ್ಲು ಎಲ್ಲ ಅದರಲ್ಲೇ ಇತ್ತು. ಹಿಂದಿನ ಸೀಟಿಗೆ ಏರಿಸಿಕೊಳ್ಳಲು ಒದ್ದಾಡಿದ. ಆಮ್ರಪಾಲಿ ಕೈ ಹಚ್ಚಲು ಹೋಗಲಿಲ್ಲ. ಮೋಟರ್ ಸೈಕಲ್ ಓಣಿಯ ತಿರುವಿನಲ್ಲಿ ಮರೆಯಾಯಿತು.

ರಾಯವ್ವ ಖಾಲಿ ಮೊರವನ್ನು ಗೋಡೆಗೆ ಬಡಿದು ಧೂಳು ಕೊಡವಿದಳು.

"ಹೋಗ" ಎಂದಳು ಮಗಳಿಗೆ. "ಎಸರಿಡು. ಹೊಟ್ಟಿ ಹಸದೈತಿ."