ಕರಿಹಲಗೆ ಮುಂದಿನ ಡ್ಯೂಟಿ ಬದಲಿ

ನಾನು ಬಸ್ ಕಂಡಕ್ಟರ್. ಇಪ್ಪತ್ತು ವರ್ಷದಿಂದ ನವಲಗುಂದದ ಸುತ್ತಲಿನ ಹಳ್ಳಿಗಳಿಗೆ ಓಡಾಡುತ್ತಿದ್ದೇನೆ. ಈಗ ನಾಳೆಯ ಡ್ಯೂಟಿ ಯಾವುದು ಅನ್ನುವುದು ವಾಟ್ಸಾಪ್ ಗ್ರೂಪಿಗೇ ಬರುತ್ತದೆ. ಅನುಕೂಲ ಇದೆ, ಸುಳ್ಳು ಹೇಳುವುದಿಲ್ಲ.

ಮೊದಲು ಡಿಪೋದ ಬಾಗಿಲ ಪಕ್ಕ ಒಂದು ಕರಿಹಲಗೆ ಇತ್ತು. ಸಂಜೆ ನಾಲ್ಕಕ್ಕೆ ಅದರ ಮೇಲೆ ಹೆಸರುಗಳು ಬೀಳುತ್ತಿದ್ದವು. ಚಹಾ ಕಪ್ಪು ಹಿಡಿದು ಎಲ್ಲರೂ ಅಲ್ಲೇ. ವಸ್ತಿ ಬಸ್ಸು ಯಾರಿಗೆ ಬಿತ್ತು ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ವಸ್ತಿ ಅಂದರೆ ರಾತ್ರಿ ಹಳ್ಳಿಯಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ ತರುವುದು.

ನನ್ನ ಮದುವೆಯಾದ ಹೊಸತು. ಮೊರಬ ವಸ್ತಿಯ ಮುಂದೆ ನನ್ನ ಹೆಸರು. ನಾನು ಬಾಯಿ ಸಹ ತೆರೆದಿರಲಿಲ್ಲ, ಹಿರಿಯ ಕಂಡಕ್ಟರ್ ಒಬ್ಬರು ಶುರು ಮಾಡಿದರು.

"ಯಾಕಲೇ, ಮಾರಿ ಹಿಂಗ್ಯಾಕ ಮಾಡೀ? ಹೆಂಡ್ತಿ ನೆನಪಾದಳೇನು?"

ಎಲ್ಲರೂ ನಕ್ಕರು.

"ಹೋಗ ಮನಿಗೆ. ಮೊರಬಕ್ಕ ನಾ ಹೋಕ್ಕೀನಿ. ಅಲ್ಲಿ ಬಿಸಿ ರೊಟ್ಟಿ ಕೊಡ್ತಾರ, ನಿನಗ್ಯಾಕ ಬಿಡ್ಲಿ?"

ಈಚೆಗೆ ಅವ್ವನ ಕಣ್ಣಿನ ಆಪರೇಶನ್ ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಅಂತ ನಿಗದಿಯಾಯಿತು. ಹಿಂದೊಮ್ಮೆ ಹೆದರಿ ಆಸ್ಪತ್ರೆಯಿಂದ ಎದ್ದು ಬಂದವಳು ಅವಳು. "ನೀ ಬಾಜೂ ಇದ್ರಷ್ಟ ಒಳಗ ಹೋಕ್ಕೀನಿ" ಅಂದಿದ್ದಳು. ಸರಿಯಾಗಿ ಹಿಂದಿನ ರಾತ್ರಿಗೇ ನನಗೆ ಶಲವಡಿ ವಸ್ತಿ ಬಿತ್ತು.

ಪಟ್ಟಿ ನೋಡಿದ ಕೂಡಲೇ ಗ್ರೂಪಿನಲ್ಲಿ ಬರೆದೆ: ಅವ್ವನ ಆಪರೇಶನ್ ಇದೆ, ಯಾರಾದರೂ ಬದಲಿ ಹೋಗಿ. ಮರುದಿನ ಮಧ್ಯಾಹ್ನದವರೆಗೂ ಕಾದೆ. ನಾಲ್ಕು ಕೈಮುಗಿದ ಚಿತ್ರ ಬಂದವು, ಒಂದು ಹೂವು ಬಂತು. ಹೋಗುತ್ತೇನೆ ಅಂದವರು ಒಬ್ಬರೂ ಇಲ್ಲ.

ಕೊನೆಗೆ ಡಿಪೋಗೆ ನಡೆದೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನೊಬ್ಬ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದ.

"ಲೇ, ನಾಳೆ ಮುಂಜಾನೆ ಅವ್ವಂದು ಆಪರೇಶನ್. ಇವತ್ತ ಶಲವಡಿ ವಸ್ತಿ ನೀ ಹೋಗ್ತೀಯೇನು?"

"ಹೋಕ್ಕೀನಿ. ಅದಕ್ಯಾಕ ಇಷ್ಟ ಅಂಜಿ ಕೇಳ್ತಿ?"

"ನಿನ್ನೆ ಗ್ರೂಪಿನ್ಯಾಗ ಹಾಕಿದ್ನಲ್ಲ, ನೋಡಲಿಲ್ಲೇನು?"

"ನೋಡಿದೆ. ಎಂಬತ್ತ ಮಂದಿಗೆ ಕೇಳಿದ್ದಿ, ಯಾರರ ಹೋಗ್ತಾರ ಅನಕೊಂಡೆ. ನನಗ ಎಲ್ಲಿ ಕೇಳಿದ್ದಿ ನೀ?"

ಸಿಟ್ಟು ಬಂತು. ಆದರೆ ಹಿಂದಿನ ವಾರ ಇನ್ನೊಬ್ಬರ ಇಂಥದೇ ಮೆಸೇಜಿಗೆ ಕೈಮುಗಿದ ಚಿತ್ರ ಒತ್ತಿ ಸುಮ್ಮನಾದವನು ನಾನೇ. ಅವನ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡೆ. ಇಬ್ಬರೂ ಹೋಗಿ ಕಂಟ್ರೋಲರ್‌ಗೆ ಹೇಳಿ ಹೆಸರು ಬದಲಿಸಿದೆವು.

ಬೆಳಿಗ್ಗೆ ಆಪರೇಶನ್ ಕೋಣೆಯ ಬಾಗಿಲಲ್ಲಿ ಅವ್ವ ನನ್ನ ಕೈ ಬಿಡಲಿಲ್ಲ.

"ನಿನಗ ಡ್ಯೂಟಿ ಇತ್ತಲ್ಲೋ?"

"ನನ್ನ ಗೆಳೆಯಾ ಹೋಗ್ಯಾನ ಬೇ."

"ಯಾಂವ ಅಂವ?"

"ನೀ ನೋಡಿಲ್ಲ."

"ಹಂಗಾದ್ರ ಕಣ್ಣಿನ ಪಟ್ಟಿ ಬಿಚ್ಚಿದ ಮ್ಯಾಲೆ ಮನಿಗೆ ಕರಕೊಂಡ ಬಾ. ಮಾರಿ ನೋಡೂಣು" ಅಂದು, ಕೈ ಬಿಟ್ಟು ಒಳಗೆ ಹೋದಳು.