ಹತ್ತು ಅಜ್ಜಿಯರ ಚಿತ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋರ್ಟಿನ ಹಿಂಬದಿಯ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹಾಸಿಕೊಂಡು ಮಂಡಿಯೂರಿ ಕೂತಿದ್ದಾರೆ ಐವತ್ತು ದಾಟಿದ ಹೆಂಗಸೊಬ್ಬರು. ಹಾಳೆಯಲ್ಲಿ ಹತ್ತು ಅಜ್ಜಿಯರು. ನಾಲ್ವರಿಗೆ ಹಸಿರು ಬಣ್ಣ ತುಂಬುತ್ತಿದ್ದಾರೆ. ಉಳಿದ ಆರು ಮಂದಿಗೆ ಬಣ್ಣವಿಲ್ಲ.

ಮಗಳನ್ನು ಕಳೆದುಕೊಂಡ ಅಜ್ಜಿಯೊಬ್ಬರು ಇವತ್ತು ಬರಬೇಕು. ಐದು ವರ್ಷದ ಮೊಮ್ಮಗಳನ್ನು ಸಾಕುತ್ತಿರುವುದು ಅವರೇ. ಮಗು ತನಗೆ ಬೇಕೆಂದು ತಂದೆ ಕೇಸು ಹಾಕಿದ್ದಾರೆ. ಈಗ ರಾಜಿಗೂ ಕರೆದಿದ್ದಾರೆ: ಮಗು ಅಪ್ಪನ ಬಳಿ ಇರಲಿ, ಭಾನುವಾರ ಮಾತ್ರ ಅಜ್ಜಿಗೆ. ಒಪ್ಪುವುದೋ, ಹೋರಾಡುವುದೋ ಎಂದು ಅಜ್ಜಿ ಇವತ್ತೇ ಹೇಳಬೇಕು. ಇಂಥ ಹಳೆಯ ಕೇಸುಗಳು ಏನಾದವು ಎಂಬುದನ್ನು ಓದು ಬಾರದವರಿಗೂ ಕಾಣುವಂತೆ ಹಾಳೆಗೆ ಇಳಿಸುವುದು ಬಣ್ಣ ತುಂಬುತ್ತಿರುವ ಈಕೆಯ ಕೆಲಸ. ಹೋರಾಡಿದ ಪ್ರತಿ ಹತ್ತು ಅಜ್ಜಿಯರಲ್ಲಿ ನಾಲ್ವರಿಗೆ ಮಗು ಸಿಕ್ಕಿದೆ.

ಕೋರ್ಟಿನ ಗುಮಾಸ್ತರು ಇವರಿಗೆ ಇಟ್ಟ ಹೆಸರು ‘ಬಣ್ಣದ ಮೇಡಂ’. ಗೇಲಿಗೆ ಇಟ್ಟದ್ದು, ಈಗ ಅದೇ ವಿಳಾಸವಾಗಿದೆ. ಗಂಡ ಹಾಸಿಗೆ ಹಿಡಿದಾಗ ಟೈಪಿಸ್ಟ್ ಆಗಿ ಸೇರಿದವರು. ನೌಕರಿ ಇಂದಿಗೂ ಗುತ್ತಿಗೆಯದೇ. ಮೇಜು ಇರುವುದು ಮೆಟ್ಟಿಲ ಕೆಳಗೆ. ಮರೆತು ಎದ್ದರೆ ತಲೆಗೆ ಪೆಟ್ಟು ಗ್ಯಾರಂಟಿ. ದಿನಕ್ಕೆ ಹತ್ತಿಪ್ಪತ್ತು ಹಳೆಯ ಕಡತಗಳ ಧೂಳು ಕೊಡವಿ ಓದುತ್ತಾರೆ.

ಮೊದಮೊದಲು ಕಂಪ್ಯೂಟರಿನಲ್ಲಿ ದುಂಡನೆಯ ಚಾರ್ಟ್ ಮಾಡುತ್ತಿದ್ದರಂತೆ. ಅಣ್ಣತಮ್ಮಂದಿರ ಆಸ್ತಿ ಜಗಳ ತಂದವರೊಬ್ಬರಿಗೆ, ಇಂಥ ಕೇಸುಗಳಲ್ಲಿ ಮುಕ್ಕಾಲು ಪಾಲು ರಾಜಿಯಲ್ಲೇ ಮುಗಿಯುತ್ತವೆ ಎಂದು ತೋರಿಸಿದರು. ಆ ಪುಣ್ಯಾತ್ಮ ನೀಲಿ ಬಳಿದ ಮುಕ್ಕಾಲು ಭಾಗ ತನ್ನ ಪಾಲಿನ ಜಮೀನೆಂದೇ ತಿಳಿದು, ಹಾಳೆ ಮಡಚಿಕೊಂಡು ಮನೆಗೆ ನಡೆದ.

“ಮಾರನೇ ದಿನ ಮೂರು ಜನ ತಮ್ಮಂದಿರು ಬಾಗಿಲಲ್ಲಿ ನಿಂತಿದ್ರು. ‘ನಮ್ಮಣ್ಣನಿಗೆ ಮುಕ್ಕಾಲು ಬರೆದುಕೊಡೋಕೆ ನೀವ್ಯಾರು’ ಅಂತ. ತಪ್ಪು ಅವರದ್ದಲ್ಲ ಬಿಡಿ. ನಾನು ಬರೆದದ್ರಲ್ಲಿ ಮನುಷ್ಯರೇ ಇರಲಿಲ್ಲ,” ಎನ್ನುತ್ತಾರೆ ಮೇಡಂ. ಅಂದಿನಿಂದ ದುಂಡು ಚಾರ್ಟಿಗೆ ದೊಡ್ಡ ನಮಸ್ಕಾರ.

ಅಜ್ಜಿಗಿಂತ ಮೊದಲು ಬರುವವರು ಅವರ ಪರ ವಕೀಲರು. ಇನ್ನೂ ಚಿಕ್ಕ ವಯಸ್ಸು, ಮನಸ್ಸು ಒಳ್ಳೆಯದು. “ಮೇಡಂ, ಲೆಕ್ಕ ನಾಲ್ಕು ಚಿಲ್ಲರೆ ಬರತ್ತಲ್ಲ, ಐದು ಅಂತ ಮಾಡಿ. ಅಜ್ಜಿಗೆ ಸ್ವಲ್ಪ ಧೈರ್ಯ ಬರಲಿ.”

“ಆ ಐದನೆಯವರು ಯಾರು ಅಂತ ತೋರ್ಸಿ ಸಾರ್, ಬಣ್ಣ ಹಾಕ್ತೀನಿ.”

ವಕೀಲರು ಕಡತ ಬಿಡಿಸಿ ಕೂರುತ್ತಾರೆ.

ಅಜ್ಜಿ ಮಗುವನ್ನು ಶಾಲೆಗೆ ಬಿಟ್ಟು ಒಬ್ಬರೇ ಬಂದಿದ್ದಾರೆ. ಹಾಳೆಯ ಮುಂದೆ ಕೂತು ಒಂದೊಂದೇ ಚಿತ್ರವನ್ನು ಬೆರಳಿನಿಂದ ಮುಟ್ಟುತ್ತಾರೆ. “ಇದರಲ್ಲಿ ನಾನು ಯಾರಮ್ಮ?”

“ಅದು ನಂಗೂ ಗೊತ್ತಿಲ್ಲಮ್ಮ. ಗೊತ್ತು ಅಂದ್ರೆ ಸುಳ್ಳಾಗತ್ತೆ.”

ಬೆರಳು ಬಣ್ಣವಿಲ್ಲದವರ ಮೇಲೆ ನಿಲ್ಲುತ್ತದೆ. “ಸೋತ್ರಲ್ಲ, ಇವರಿಗೆ ಮಗೂನ ನೋಡೋಕಾದ್ರೂ ಬಿಡ್ತಾರಾ?”

ಬಣ್ಣದ ಮೇಡಂ ಮುಖ ಬಾಡುತ್ತದೆ. ಈ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ. ಕಡತಗಳು ತೀರ್ಪಿಗೆ ಮುಗಿದುಹೋಗುತ್ತವೆ, ಆಮೇಲಿನ ಬದುಕು ಅವುಗಳಲ್ಲಿ ಇರುವುದಿಲ್ಲ. ಮಧ್ಯಾಹ್ನದವರೆಗೆ ಸಮಯ ಕೇಳಲು ವಕೀಲರು ಕೋರ್ಟಿಗೆ ಓಡುತ್ತಾರೆ. ಮೇಡಂ ಕಡತಗಳಲ್ಲಿ ನಂಬರು ಹುಡುಕಿ ಹಳೆಯ ಕೇಸುಗಳ ಅಜ್ಜಿಯರಿಗೆ ಫೋನು ಮಾಡುತ್ತಾರೆ. ಒಬ್ಬರು ಬಾಯಿಗೆ ಬಂದಂತೆ ಬೈದು ಇಡುತ್ತಾರೆ. ಇನ್ನೊಬ್ಬರು ಬಿಕ್ಕಿಬಿಕ್ಕಿ ಅಳುತ್ತಾರೆ. ಆ ಅಳು ನಿಲ್ಲುವವರೆಗೆ ಮೇಡಂ ಫೋನು ಇಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಹಾಳೆ ಸಿದ್ಧವಾಗಿದೆ. ಹೋರಾಡಿ ಸೋತವರಲ್ಲಿ ಫೋನಿಗೆ ಸಿಕ್ಕವರು ಏಳು ಮಂದಿ. ಅವರಲ್ಲಿ ಮಗುವನ್ನು ನೋಡಲು ಸಿಗುವುದು ಒಬ್ಬರಿಗೆ, ಅವರ ಪಕ್ಕದಲ್ಲಿ ಮಾತ್ರ ಪುಟ್ಟ ಮಗುವಿನ ಚಿತ್ರವಿದೆ. ರಾಜಿಯಾದ ಏಳು ಮಂದಿಯಲ್ಲಿ ಆರು ಜನರ ಪಕ್ಕದಲ್ಲಿ ಮಗುವಿದೆ.

ಅಜ್ಜಿ ಬಹಳ ಹೊತ್ತು ನೋಡುತ್ತಾರೆ.

“ಗೆದ್ರೂ ಗೆಲ್ಲಬಹುದು ಅಜ್ಜಿ,” ಎನ್ನುತ್ತಾರೆ ವಕೀಲರು. ಹೋರಾಡುವ ಆಸೆ ಅವರಿಗೆ ಇನ್ನೂ ಇದೆ.

“ಸೋತ್ರೆ?”

ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ. “ಭಾನುವಾರ ಸಾಕು. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಹೇಳಪ್ಪ. ಸ್ಕೂಲ್ ಬಿಡೋ ಹೊತ್ತಾಯ್ತು.”

“ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ ಅಂತ ಆದೇಶದಲ್ಲೇ ಬರೆಸಿ ಸಾರ್,” ಮೇಡಂ ಪಟ್ಟು ಹಿಡಿಯುತ್ತಾರೆ. “ರಾಜಿಯಾದವರಲ್ಲಿ ಆ ಏಳನೆಯವರು ಬರೀ ಬಾಯಿಮಾತು ನಂಬಿದ್ರಂತೆ.”

ಎಲ್ಲರೂ ಹೋದ ಮೇಲೆ ಮೇಡಂ ಬಣ್ಣದ ಡಬ್ಬಿ ಮುಚ್ಚಿ ನೆಲದ ಮೇಲೇ ಕೂತಿದ್ದಾರೆ. ಅಜ್ಜಿಗೆ ಒಳ್ಳೆಯದಾಯಿತೇ ಎಂದರೆ ತಲೆಯಾಡಿಸುವುದಿಲ್ಲ.

“ಹೇಗೆ ಹೇಳ್ಲಿ? ಮಗು ಇಲ್ಲದ ಮನೆಗೆ ಹೋಗಬೇಕಲ್ಲ ಅವರು. ಆದ್ರೆ ಕಣ್ಣಾರೆ ನೋಡಿ ಒಪ್ಕೊಂಡ್ರು, ಯಾರೋ ಹೇಳಿದ್ರು ಅಂತ ಅಲ್ಲ.” ಮತ್ತೆ ಹೇಳುತ್ತಾರೆ: “ನನಗೆ ಒಂದೇ ಆಸೆ. ನಾನಾಗಿ ಫೋನ್ ಮಾಡಿ ಕೇಳಬಾರದು. ಒಂದು ಭಾನುವಾರ ಆ ಅಮ್ಮನೇ ಮಾಡಿ, ‘ಮಗು ಬಂದಿದೆ’ ಅನ್ನಬೇಕು.”