ನಾದಿನಿ ಮತ್ತು ನಾನು ಮಾಡಿದ ಟ್ರಾನ್ಸ್

ನನ್ನ ಗಂಡ ಹಾರೂಗೇರಿಯಲ್ಲಿ ಡಿಜೆ ಸೆಟ್ ಬಾಡಿಗೆಗೆ ಕೊಡುತ್ತಾರೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳಾದ್ದರಿಂದ ಆಂಪ್ಲಿಫೈಯರ್ ರಿಪೇರಿ ಮದುವೆಯಾದ ತಿಂಗಳಲ್ಲೇ ನನ್ನ ಪಾಲಿಗೆ ಬಂತು. ನಾದಿನಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು, ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದಳು. ಒಂದು ಮಧ್ಯಾಹ್ನ ಗಂಡನ ಲ್ಯಾಪ್‌ಟಾಪಿನಲ್ಲಿ ಯಾವುದೋ ದೇಶದ ಟ್ರಾನ್ಸ್ ಸಂಗೀತ ಕೇಳಿ ಇಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತೆವು. ಅದರಲ್ಲಿ ಮಾತಿಲ್ಲ. ಒಂದೇ ಸಮನೆ ಬಡಿತ, ಅದರ ಮೇಲೆ ನಿಧಾನವಾಗಿ ಏರುವ ರಾಗ. ನಡುವೆ ಬಡಿತ ಪೂರ್ತಿ ನಿಂತು ರಾಗವಷ್ಟೇ ಉಳಿಯುತ್ತದೆ. ಬಡಿತ ಮರಳಿ ಬಂದಾಗ ಮೈ ಜುಮ್ಮೆನ್ನುತ್ತದೆ.

"ವೈನಿ, ಇದನ್ನ ನಾವೂ ಮಾಡೂಣು," ಎಂದಳು ನಾದಿನಿ.

ಕಲಿಯಲು ಎರಡು ಮಳೆಗಾಲ ಹಿಡಿಯಿತು. ರಾಗ ಅವಳದು, ಬಡಿತ ಮತ್ತು ಮಿಕ್ಸಿಂಗ್ ನನ್ನದು. ಸ್ಪೀಕರ್ ಇಡುವ ತಗಡಿನ ಕೋಣೆಯಲ್ಲಿ ಸದ್ದು ಗುಂಯ್‌ಗುಡುತ್ತಿತ್ತು. ನಿಪ್ಪಾಣಿಯಿಂದ ತಂಬಾಕಿನ ಹಳೆಯ ಗೋಣಿಚೀಲ ತರಿಸಿ ಗೋಡೆಗೆಲ್ಲ ಹೊದಿಸಿದೆವು. ಗುಂಯ್‌ಗುಡುವುದು ನಿಂತಿತು, ನಮ್ಮ ಸೀನು ಶುರುವಾಯಿತು. ಮೂಗಿಗೆ ಸೆರಗು ಕಟ್ಟಿಕೊಂಡೇ ಮೊದಲ ಟ್ರ್ಯಾಕ್ ಮುಗಿಸಿದೆವು.

ಅಥಣಿಯ ಒಂದು ಮದುವೆ ಮೆರವಣಿಗೆಯಲ್ಲಿ ಅದನ್ನು ಹಾಕಿಸಿ, ಹೆಣ್ಣುಮಕ್ಕಳ ಗುಂಪಿನಲ್ಲಿ ನಿಂತು ನೋಡಿದೆವು. ಜನ ಚೆನ್ನಾಗಿಯೇ ಕುಣಿದರು. ನಡುವೆ ಬಡಿತ ನಿಂತಿತು. "ಕರೆಂಟ್ ಹೋತೇನ್ಲೇ?" ಎಂದು ಒಬ್ಬ ಕೂಗಿದ. ಎತ್ತಿದ ಕೈಗಳೆಲ್ಲ ಇಳಿದವು. ನಮ್ಮ ಸೆಟ್ ನಡೆಸುತ್ತಿದ್ದ ಆಪರೇಟರ್ ಗಾಬರಿಯಾಗಿ ಬೇರೆ ಹಾಡು ಹಾಕಿಬಿಟ್ಟ. ನಾದಿನಿಯ ಕಣ್ಣು ತುಂಬಿತ್ತು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

"ವೈನಿ, ನಡುವ ಸುಮ್ಮನಾಗೂದನ್ನ ತಗದ್ ಕೊಡ್ರಿ. ಮುಂದಿನ ವಾರಾನ ಹಾಕತೀನಿ," ಎಂದ ಆಪರೇಟರ್ ಮರುದಿನ.

"ಅದನ್ನ ತಗದ್ರ ಉಳಿಯೂದರ ಏನೈತಿ? ತಗಿಯೂದಿಲ್ರಿ," ಎಂದೆ.

ಹಟ ಹಿಡಿದದ್ದೇನೋ ಸರಿ, ದಾರಿ ತಿಳಿಯಲಿಲ್ಲ. ಹದಿನಾರು ಬಗೆಯಾಗಿ ತಿದ್ದಿದೆವು. ಪ್ರತಿ ಸಲ ಉಗಾರದ ಕಡೆ ಕಬ್ಬು ಕಡಿದು ಖಾಲಿಯಾದ ಹೊಲಕ್ಕೆ ಸೆಟ್ ಒಯ್ದು, ಒಬ್ಬರು ಹಾಕಿ ಇನ್ನೊಬ್ಬರು ದೂರ ನಡೆಯುತ್ತ ಕೇಳಿದೆವು. ಕೊನೆಗೆ ದಾರಿ ಸಿಕ್ಕಿದ್ದು ಮಾವನ ಏಕಾದಶಿ ಭಜನೆಯಲ್ಲಿ. ಹಾಡುವವರು ಉಸಿರೆಳೆದುಕೊಂಡರು, ಮೃದಂಗವೂ ನಿಂತಿತು. ಆದರೆ ಮೂಲೆಯಲ್ಲಿದ್ದ ಮುದುಕರೊಬ್ಬರು ತಾಳ ಬಿಡಲಿಲ್ಲ. ಹಾಡು ಮುಗಿಯಿತೆಂದು ಕೂತವರಾರೂ ಅಲುಗಾಡಲಿಲ್ಲ. ನಾದಿನಿ ನನ್ನ ತೊಡೆ ಚಿವುಟಿದಳು.

ಅದೇ ತಾಳದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಬಡಿತ ನಿಲ್ಲುವ ಜಾಗದಲ್ಲಿ ಕೇಳಿಯೂ ಕೇಳದ ಹಾಗೆ ಇಟ್ಟೆವು. ಕುಡಚಿಯ ಮದುವೆಯೊಂದರಲ್ಲಿ ಗಂಡನೇ ಆ ಟ್ರ್ಯಾಕ್ ಹಾಕಿದರು. ಬಡಿತ ನಿಂತಿತು. ಈ ಸಲ ಕೈಗಳು ಇಳಿಯಲಿಲ್ಲ. ಬಡಿತ ಮರಳಿ ಬಂದಾಗ ಎದ್ದ ಕೂಗಿಗೆ ನಾನು ನಾದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವಾರದೊಳಗೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಆಪರೇಟರುಗಳು ಫೋನ್ ಮಾಡಿದರು. ಟ್ರ್ಯಾಕ್ ಮಾಡಿದ್ದು ಗಂಡಸೇ ಎಂದುಕೊಂಡು ಎಲ್ಲರೂ ಕೇಳುತ್ತಿದ್ದುದು "ಅಣ್ಣಾ ಅದಾರೇನ್ರಿ?" ಎಂದೇ.

ಮರುವರ್ಷ ಕಾಗವಾಡದಿಂದ ನಾದಿನಿಯನ್ನು ನೋಡಲು ಬಂದರು. ಹುಡುಗನ ತಾಯಿ, "ಏನ್ ಕೆಲಸಾ ಮಾಡ್ತೀಯವ್ವಾ?" ಎಂದು ಕೇಳಿದರು. ಅತ್ತೆ ಕಣ್ಸನ್ನೆ ಮಾಡುತ್ತಿದ್ದರೂ ಅವಳು ಅಳುಕಲಿಲ್ಲ. "ನಮ್ಮ ವೈನಿ ಜೋಡಿ ಸಂಗೀತಾ ಮಾಡತೀನ್ರಿ. ಲಗ್ನಾದ ಮ್ಯಾಲೂ ಮಾಡಾಕಿ. ಈಗ ಕೇಳ್ರಿ, ಆಮ್ಯಾಲ ಹೇಳ್ರಿ."

ನಾನು ಲ್ಯಾಪ್‌ಟಾಪ್ ತಂದಿಟ್ಟೆ. ಒಂಬತ್ತು ನಿಮಿಷ ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ಕೊನೆಗೆ ಆ ತಾಯಿ, "ಮಾತ ಇಲ್ಲ, ಖರೇ. ಆದ್ರ ಏನೋ ಹೇಳಾಕತ್ತೈತಿ," ಎಂದರು. ಹುಡುಗನೂ ಒಪ್ಪಿದ.

ಅವಳು ಕಾಗವಾಡಕ್ಕೆ ಹೋಗಿ ನಾಲ್ಕು ವರ್ಷವಾಯಿತು. ರಾಗ ಫೋನಿನಲ್ಲಿ ಬರುತ್ತದೆ, ಗುರುವಾರ ಬಸ್ಸಿನಲ್ಲಿ ಅವಳೇ ಬರುತ್ತಾಳೆ. ಕಳೆದ ವರ್ಷ ಹೊರದೇಶದ ಸಣ್ಣ ಸಂಗೀತ ಕಂಪನಿಯೊಂದು ನಮ್ಮ ಎರಡು ಟ್ರ್ಯಾಕ್ ಹೊರತಂದಿತು. ಅದಕ್ಕೂ ಮೊದಲು ಆರು ಕಡೆಯಿಂದ ಬೇಡವೆಂದು ಉತ್ತರ ಬಂದಿತ್ತು. ಈಗ ಮಾಡುತ್ತಿರುವ ಟ್ರ್ಯಾಕಿನ ಆರಂಭ ಉದ್ದವಾಯಿತೆಂದು ನಾನು, ಒಂದು ಸೆಕೆಂಡೂ ಕತ್ತರಿಸಬಾರದೆಂದು ಅವಳು. ಮೂರು ಗುರುವಾರದಿಂದ ಇದೇ ಜಗಳ.